ಬಿಬಿಎ ಎಲ್‌ಎಲ್‌ಬಿ ಸೇರಬೇಕಾ, ಬೇಡ್ವಾ? ಫೀಸು ಕಟ್ಟುವ ಮುಂಚೆ ಇಷ್ಟು ಮಾಡಿ

ಪಿಯುಸಿ ರಿಸಲ್ಟ್ ಬರುವ ಹೊತ್ತಿಗೆ ಬೆಂಗಳೂರಿನ ಕಾಮರ್ಸ್ ಮಕ್ಕಳ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ: "ಬರೀ ಬಿಬಿಎ ಯಾಕೆ, ಅದರ ಜೊತೆಗೇ ಲಾ ಕೂಡ ಮುಗಿಯುತ್ತಲ್ಲ. ಎರಡು ಡಿಗ್ರಿ, ಒಂದು ವರ್ಷ ಉಳಿತಾಯ." ಲೆಕ್ಕವೇನೋ ಸರಿ. ಬೇರೆ ಬೇರೆ ಓದಿದರೆ ಬಿಬಿಎಗೆ 3 ವರ್ಷ, ಎಲ್‌ಎಲ್‌ಬಿಗೆ 3 ವರ್ಷ, ಒಟ್ಟು 6. ಒಟ್ಟಿಗೆ ಓದಿದರೆ 5. ಆದರೆ ಉಳಿಯುವ ಆ ಒಂದು ವರ್ಷಕ್ಕೆ ನೀವು ಬಿಟ್ಟುಕೊಡುವುದು ಏನು ಅನ್ನುವುದನ್ನು ಅಡ್ಮಿಷನ್ ಕೌಂಟರಿನಲ್ಲಿ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಮಧ್ಯದಲ್ಲಿ ಇಳಿಯುವ ಅವಕಾಶವನ್ನು ಬಿಟ್ಟುಕೊಡುತ್ತೀರಿ. ವಕೀಲರನ್ನೂ ಲಾ ಕಾಲೇಜುಗಳನ್ನೂ ನಿಯಂತ್ರಿಸುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 13ನೇ ನಿಯಮ ಓದಿ. ಐದು ವರ್ಷದ ಕೋರ್ಸನ್ನು ಒಡೆದು ಮಧ್ಯದಲ್ಲಿ ಒಂದು ಡಿಗ್ರಿ ಕೊಟ್ಟು ಕಳಿಸುವಂತಿಲ್ಲ, ಯಾವುದೋ ಡಿಗ್ರಿ ಇದೆ ಅಂತ ಮಧ್ಯದಲ್ಲಿ ಒಳಗೆ ಸೇರಿಸಿಕೊಳ್ಳುವಂತೆಯೂ ಇಲ್ಲ. ಅಂದರೆ ಮೂರನೇ ವರ್ಷ ಮುಗಿಸಿ "ಲಾ ನನಗೆ ಆಗಿಬರ್ತಿಲ್ಲ, ಬಿಬಿಎ ಸರ್ಟಿಫಿಕೇಟ್ ಕೊಡಿ, ಎಂಬಿಎ ಮಾಡ್ಕೋತೀನಿ" ಅಂದರೆ ನಡೆಯುವುದಿಲ್ಲ. ಕೈಯಲ್ಲಿ ಉಳಿಯುವುದು ಪಿಯುಸಿ ಮಾರ್ಕ್ಸ್ ಕಾರ್ಡ್ ಮತ್ತು ಆರು ಸೆಮಿಸ್ಟರಿನ ಅಂಕಪಟ್ಟಿ.

ಹಾಗಾಗಿ "ನನಗೆ ಬಿಸಿನೆಸ್ಸೂ ಇಷ್ಟ, ಲಾ ಕೂಡ ಪರವಾಗಿಲ್ಲ" ಅನ್ನುವವರು ಈ ಕೋರ್ಸಿಗೆ ಸೇರಬಾರದು ಅಂತಲೇ ನನ್ನ ಅಭಿಪ್ರಾಯ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಬಿಬಿಎ ಅಂಟಿಕೊಂಡಿರದಿದ್ದರೂ ನಾನು ಲಾ ಓದುತ್ತಿದ್ದೆನಾ? ಹೌದು ಅಂದರೆ ಮುಂದೆ ಓದಿ. ಅಲ್ಲ ಅಂದರೂ ಓದಿ, ನಿಮಗೆ ಬೇರೆ ದಾರಿಗಳಿವೆ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಅಂದರೆ, ಸಿಲಬಸ್ ಹಿಡಿದು ಎಣಿಸಿ ನೋಡಿ. ಕಡ್ಡಾಯ ಕಾನೂನು ಪೇಪರ್‌ಗಳೇ 20, ಡ್ರಾಫ್ಟಿಂಗ್ (ಕರಾರು, ಅರ್ಜಿ ಬರೆಯುವುದು), ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಥರದ ಪ್ರಾಯೋಗಿಕ ಪೇಪರ್ 4, ಐಚ್ಛಿಕ ಕನಿಷ್ಠ 6, ಆನರ್ಸ್ ಆದರೆ ಇನ್ನೂ 8. ಅಕೌಂಟ್ಸ್, ಮಾರ್ಕೆಟಿಂಗ್, ಎಚ್‌ಆರ್, ಬಿಸಿನೆಸ್ ಎಕನಾಮಿಕ್ಸ್ ಎಲ್ಲ ಜಾಸ್ತಿ ಬರುವುದು ಮೊದಲ ವರ್ಷಗಳಲ್ಲಿ. ಕೊನೆಗೆ ಬರುವ ಹೊತ್ತಿಗೆ ಪೂರ್ತಿ ಕಾನೂನೇ. ಮತ್ತೆ ಅದು ಬರೀ ಕಂಪನಿ ಕಾನೂನೂ ಅಲ್ಲ. "ನಾನು ಕಾರ್ಪೊರೇಟ್ ಲಾಯರ್ ಆಗೋದು, ನನಗ್ಯಾಕೆ ಕೊಲೆ ಕೇಸು?" ಅನ್ನುವವರೂ ಕ್ರಿಮಿನಲ್ ಲಾ ಓದಲೇಬೇಕು, ಅದೂ 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಹಳೇ ತೀರ್ಪಿನಲ್ಲಿ ಒಂದು ಸೆಕ್ಷನ್ ನಂಬರ್, ಹೊಸ ಕಾಯ್ದೆಯಲ್ಲಿ ಇನ್ನೊಂದು ನಂಬರ್ ಇಟ್ಟುಕೊಂಡು ಓದಬೇಕು. ವಿವಾಹ, ಆಸ್ತಿ, ಸಾಕ್ಷ್ಯ, ಸಿವಿಲ್ ಪ್ರೊಸೀಜರ್ ಯಾವುದನ್ನೂ ಬಿಡುವ ಹಾಗಿಲ್ಲ.

ಲಾ ನಿಮಗೆ ಹಿಡಿಸುತ್ತದಾ ಅಂತ ನೋಡಲು ಆಪ್ಟಿಟ್ಯೂಡ್ ಟೆಸ್ಟಿಗೆ ದುಡ್ಡು ಕೊಡಬೇಡಿ. ಮನೆಯ ಬಾಡಿಗೆ ಅಗ್ರಿಮೆಂಟ್ ತೆಗೆಯಿರಿ. ಸ್ವಂತ ಮನೆಯಾದರೆ ಬಾಡಿಗೆಗಿರುವ ಚಿಕ್ಕಪ್ಪನದ್ದೋ ಪಕ್ಕದ ಮನೆಯವರದ್ದೋ ಕೇಳಿ. ಫ್ಯಾನು, ಗೀಸರ್, ಟ್ಯೂಬ್‌ಲೈಟಿನ ಪಟ್ಟಿಯವರೆಗೆ ಒಂದು ಸಾಲೂ ಬಿಡದೆ ಓದಿ. ಅವಧಿ 11 ತಿಂಗಳು ಅಂತ ಇರುತ್ತದೆ. 12 ಯಾಕಲ್ಲ? 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆ ಗೋಜೇ ಬೇಡ ಅಂತ 11. ಆಮೇಲೆ ನಮ್ಮೂರಿನ ಪ್ರಸಿದ್ಧ ಪೇಂಟಿಂಗ್ ಷರತ್ತು ಬರುತ್ತದೆ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇವೆ ಅಂತ. ನಾಲ್ಕೇ ತಿಂಗಳಿಗೆ ಬಿಟ್ಟರೂ ಮುರಿಯಬಹುದಾ? ಓನರ್ ಆಮೇಲೆ ಬಣ್ಣವನ್ನೇ ಹೊಡೆಸದಿದ್ದರೆ? "ಸಾಮಾನ್ಯ ಸವೆತ ಬಿಟ್ಟು" ಅಂತ ಇನ್ನೊಂದು ಸಾಲಿನಲ್ಲಿ ಬರೆದಿದ್ದರೆ ಗೋಡೆಗೆ ಹೊಡೆದ ಮೊಳೆ ಸವೆತವಾ, ಹಾನಿಯಾ? ಎರಡು ಸಾಲುಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಯಾವುದು ಗೆಲ್ಲುತ್ತದೆ?

ಈ ಪ್ರಶ್ನೆಗಳು ತಾವಾಗೇ ಎದ್ದು ನಿಮ್ಮನ್ನು ಕೆರಳಿಸಿದರೆ ನಿಮ್ಮ ತಲೆ ಲಾ ಕಡೆ ಇದೆ. ಅದರ ಬದಲು "ಈ ಓನರಿಗೆ ಆರು ಮನೆ, ಪ್ರತಿಯೊಂದಕ್ಕೂ ಲಕ್ಷಗಟ್ಟಲೆ ಅಡ್ವಾನ್ಸ್, ಬಡ್ಡಿ ಇಲ್ಲದ ಅಷ್ಟು ದುಡ್ಡನ್ನ ಎಲ್ಲಿ ಹಾಕಿರಬಹುದು" ಅಂತ ಲೆಕ್ಕ ಓಡಿದರೆ ನೀವು ಬಿಸಿನೆಸ್ ಜನ, ಬಿಬಿಎ ಅಥವಾ ಬಿಕಾಂ ಮಾಡಿ ಆರಾಮಾಗಿರಿ. ಎರಡನೇ ಪುಟದಲ್ಲೇ ನಿದ್ದೆ ಬಂದರೆ, ಅಂಥದ್ದೇ ನೂರು ಪುಟದ ಕರಾರುಗಳನ್ನು ರಾತ್ರಿ ಕೂತು ಓದುವುದೇ ಲಾ ಫರ್ಮ್ ಕೆಲಸದ ದೊಡ್ಡ ಭಾಗ ಅನ್ನುವುದನ್ನು ನೆನಪಿಡಿ. ಸೂಟು, ಮೀಟಿಂಗು ಎಲ್ಲ ಆಮೇಲೆ.

ಇನ್ನೊಂದು ಕೆಲಸ. ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಗುರುತಿನ ಚೀಟಿ ಇರಲಿ, ಪರಿಚಯದ ವಕೀಲರ ಜೊತೆ ಹೋದರೆ ಇನ್ನೂ ಸುಲಭ. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಕ್ಲರ್ಕ್ ನಂಬರ್ ಕೂಗುತ್ತಾರೆ, ವಕೀಲರು ಎದ್ದು "ಟೈಮ್ ಬೇಕು ಸ್ವಾಮಿ" ಅನ್ನುತ್ತಾರೆ, ಮುಂದಿನ ತಾರೀಖು ಬೀಳುತ್ತದೆ, ಫೈಲು ಮುಚ್ಚುತ್ತದೆ. ಮುಂದಿನ ನಂಬರ್. ಹೀಗೇ ಹೊತ್ತು ಹೋಗುತ್ತದೆ, ಮಧ್ಯೆ ಯಾವುದೋ ಒಂದು ಪಾಟೀಸವಾಲು ನಿಮ್ಮನ್ನು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುವಂತೆ ಮಾಡಬಹುದು. ಇದನ್ನು ನೋಡಿಯೂ ಆಸೆ ಉಳಿದರೆ ಅದು ನಿಜವಾದ ಆಸೆ.

ಸರಿ, ಲಾ ಬೇಕು ಅಂತಾಯಿತು. ಬಿಎ ಎಲ್‌ಎಲ್‌ಬಿನಾ, ಬಿಬಿಎ ಎಲ್‌ಎಲ್‌ಬಿನಾ? ಜನ ಇದಕ್ಕೇ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, ಅಷ್ಟು ಬೇಕಿಲ್ಲ. ವಕೀಲಿಕೆಯ ಸನ್ನದು (ಲೈಸೆನ್ಸ್) ಒಂದೇ, ವಕೀಲಿಕೆಗೆ ಬರೆಯಬೇಕಾದ ಬಾರ್ ಪರೀಕ್ಷೆಯೂ ಒಂದೇ. ಬ್ಯಾಲೆನ್ಸ್ ಶೀಟ್ ಓದಲು ಬಂದರೆ ತೆರಿಗೆ, ಕಂಪನಿ, ದಿವಾಳಿ ಕೇಸುಗಳಲ್ಲಿ ಅನುಕೂಲ, ನಿಜ. ಆದರೆ ನ್ಯಾಷನಲ್ ಲಾ ಸ್ಕೂಲ್ ಕನಸಿದ್ದರೆ, ಅದಿರುವ ನಾಗರಬಾವಿಯಲ್ಲಿ ಐದು ವರ್ಷದ್ದು ಬಿಎ ಎಲ್‌ಎಲ್‌ಬಿ ಆನರ್ಸ್ ಮಾತ್ರ, ಬಿಬಿಎ ಇಲ್ಲ, ಸೀಟು ಕ್ಲಾಟ್ ಅನ್ನುವ ಪ್ರವೇಶ ಪರೀಕ್ಷೆ ಮೂಲಕ. ಬಿಬಿಎ ಎಲ್‌ಎಲ್‌ಬಿ ಬೇಕಂದರೆ ಬೆಂಗಳೂರಲ್ಲೇ ಕ್ರೈಸ್ಟ್, ಪಿಇಎಸ್, ಅಲಯನ್ಸ್ ಥರದ ವಿಶ್ವವಿದ್ಯಾಲಯಗಳಿವೆ, ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಾಲೇಜುಗಳೂ ಇವೆ. ಜಡ್ಜ್ ಆಗಬೇಕು ಅನ್ನುವವರಿಗೆ ಬಿಬಿಎಯಿಂದ ಏನೂ ವಿಶೇಷ ಸಿಗುವುದಿಲ್ಲ. 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಿವಿಲ್ ಜಡ್ಜ್ ಪರೀಕ್ಷೆಗೆ ಮೊದಲು ಮೂರು ವರ್ಷ ವಕೀಲಿಕೆ ಬೇಕು, ಅದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ.

ಕಾಲೇಜಿನಲ್ಲಿ ಕಟ್ಟಡ ನೋಡಬೇಡಿ, ಕಾಗದ ನೋಡಿ. ಕಾಲೇಜಿಗೆ ಬಾರ್ ಕೌನ್ಸಿಲ್ ಅನುಮೋದನೆ ಇದೆ ಅಂದರೆ ಸಾಲದು, ನೀವು ಸೇರುತ್ತಿರುವ ಕೋರ್ಸಿಗೆ, ಯಾವ ವರ್ಷದವರೆಗೆ ಇದೆ ಅಂತ ಪತ್ರ ಕೇಳಿ. 2025ರ ಆಗಸ್ಟಿನಲ್ಲಿ ಬಾರ್ ಕೌನ್ಸಿಲ್ ಮೂರು ವರ್ಷ ಹೊಸ ಲಾ ಕಾಲೇಜುಗಳಿಗೆ ತಡೆ ಹಾಕಿದೆ, ಇರುವ ಕಾಲೇಜುಗಳೂ ಅನುಮತಿ ಇಲ್ಲದೆ ಹೊಸ ಕೋರ್ಸು, ಹೊಸ ಸೆಕ್ಷನ್ ತೆರೆಯುವಂತಿಲ್ಲ. "ಈ ವರ್ಷ ಹೊಸದಾಗಿ ಶುರು ಮಾಡಿದ್ದೀವಿ" ಅಂದರೆ ಕಿವಿ ನೆಟ್ಟಗಾಗಲಿ. ಪಿಯುಸಿಯಲ್ಲಿ ಕನಿಷ್ಠ ಶೇಕಡಾ 45 ಬೇಕು, ಒಬಿಸಿಗೆ 42, ಎಸ್‌ಸಿ ಎಸ್‌ಟಿಗೆ 40. ಇನ್ನು ಐದು ವರ್ಷದಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಆಗಲೇಬೇಕು. ಹಳೇ ವಿದ್ಯಾರ್ಥಿಗಳು ಸಿಕ್ಕರೆ ಪ್ಲೇಸ್‌ಮೆಂಟ್ ಬಗ್ಗೆ ಕೇಳಬೇಡಿ, ಇಂಟರ್ನ್‌ಶಿಪ್ ಎಲ್ಲಿ ಮಾಡಿದಿರಿ, ಕಾಲೇಜು ಕೊಡಿಸಿತಾ ಅಥವಾ ನೀವೇ ಅಲೆದಿರಾ ಅಂತ ಕೇಳಿ. ನಿಜ ಅಲ್ಲಿ ಬೇಗ ಹೊರಬರುತ್ತದೆ.

ದುಡ್ಡಿನ ವಿಷಯ ಅಪ್ಪ ಅಮ್ಮನ ಜೊತೆ ಕೂತು ಮಾಡಿ. ಫೀಸನ್ನು ಐದರಿಂದ ಗುಣಿಸಿ ನಿಲ್ಲಿಸಬೇಡಿ. ಕೋರ್ಟ್ ಕಡೆ ಹೋದರೆ ಮೊದಲ ವರ್ಷಗಳಲ್ಲಿ ಸೀನಿಯರ್ ಕೊಡುವುದರಲ್ಲಿ ಬಸ್ ಪಾಸು, ಊಟಕ್ಕೆ ಸರಿಹೋಗಬಹುದು. ನಗರದಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ 20,000 ರೂಪಾಯಿ ಕೊಡಿ ಅಂತ 2024ರಲ್ಲಿ ಬಾರ್ ಕೌನ್ಸಿಲ್ ಹೇಳಿದೆ, ಆದರೆ ಅದು ಸಲಹೆ, ಕಡ್ಡಾಯವಲ್ಲ. ಲೋನ್ ಮಾಡಿ ಓದುವವರು ಇಎಂಐ ಯಾವಾಗ ಶುರುವಾಗುತ್ತದೆ ಅಂತ ಮೊದಲೇ ನೋಡಿಕೊಳ್ಳಬೇಕು. ಕಂಪನಿ ಕೆಲಸಕ್ಕೆ ಸೇರಿದರೆ ಸಂಬಳ ವಾಸಿ, ಆದರೆ ಪೂರ್ಣಾವಧಿ ಸಂಬಳದ ಕೆಲಸದಲ್ಲಿದ್ದು ವಕೀಲಿಕೆ ಮಾಡುವಂತಿಲ್ಲ. ಎರಡೂ ಒಟ್ಟಿಗೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ.

ಕಂಪನಿ ಕಾನೂನು ಒಂದೇ ಸಾಕು, ಉಳಿದ ಲಾ ಬೇಡ ಅನ್ನುವವರಿಗೆ ಬಿಕಾಂ ಜೊತೆ ಕಂಪನಿ ಸೆಕ್ರೆಟರಿ ಕೋರ್ಸು ಇದೆ. 2013ರ ಕಂಪನಿ ಕಾಯ್ದೆಯ 432ನೇ ಸೆಕ್ಷನ್ ಪ್ರಕಾರ ಕಂಪನಿ ನ್ಯಾಯಮಂಡಳಿ ಮುಂದೆ ವಕೀಲರಷ್ಟೇ ಅಲ್ಲ, ಸಿಎ, ಸಿಎಸ್‌ಗಳೂ ಹಾಜರಾಗಬಹುದು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಇಷ್ಟೆಲ್ಲ ಮಾಡಿಯೂ ಮನಸ್ಸು ಆ ಕಡೆ ಈ ಕಡೆ ಓಲಾಡುತ್ತಿದ್ದರೆ ಸುಮ್ನೆ ಬಿಬಿಎ ಅಥವಾ ಬಿಕಾಂ ಸೇರಿಬಿಡಿ. ಒಂದು ವರ್ಷ ಜಾಸ್ತಿ ಹಿಡಿಯುತ್ತದೆ, ಆದರೆ ಮೂರು ವರ್ಷಕ್ಕೆ ಕೈಯಲ್ಲಿ ಒಂದು ಡಿಗ್ರಿ ಇರುತ್ತದೆ. ಆಗಲೂ ಲಾ ಬೇಕು ಅನಿಸಿದರೆ ಮೂರು ವರ್ಷದ ಎಲ್‌ಎಲ್‌ಬಿ ಇದ್ದೇ ಇದೆ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಕೂಡ 2022ರಿಂದ ಅದನ್ನು ನಡೆಸುತ್ತಿದೆ, ಅದಕ್ಕೆ ಕ್ಲಾಟ್ ಅಲ್ಲ, ಎನ್‌ಎಲ್‌ಸ್ಯಾಟ್ ಅಂತ ಅವರದ್ದೇ ಪರೀಕ್ಷೆ.