ಧರ್ಮವನ್ನು ಸಿಮ್ಯುಲೇಶನ್‌ನಲ್ಲಿ ಅಧ್ಯಯನ ಮಾಡುವುದು ಹೇಗೆ?

ಸಿಮ್ಯುಲೇಶನ್ ಅಂದರೆ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಸಮಾಜ ಕಟ್ಟಿ, ಅದಕ್ಕೆ ನಿಯಮ ಕೊಟ್ಟು, ಏನಾಗುತ್ತದೆ ಅಂತ ನೋಡುವುದು. ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. 'ಧರ್ಮ ಜನರನ್ನು ಒಗ್ಗೂಡಿಸುತ್ತದೆಯೇ' ಅಂತ ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ಕಠಿಣ ಉಪವಾಸ, ನಿಯಮಗಳಿರುವ ಗುಂಪಿನಲ್ಲಿ ಜನ ಒಬ್ಬರಿಗೊಬ್ಬರು ಜಾಸ್ತಿ ನೆರವಾಗುತ್ತಾರಾ? ಇಷ್ಟು ಸಾಕು.

ಸಾಫ್ಟ್‌ವೇರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಂಥ ಮಾದರಿ ಕಟ್ಟಲು 1999ರಿಂದ ಇರುವ ನೆಟ್‌ಲೋಗೋ ಉಚಿತ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದರೆ ಅದರಲ್ಲೇ ಬಳಸುವ ಮೆಸಾ ಇದೆ.

ಈಗ ನಿಯಮದಂತೆ ನಡೆಯುವ 200 ಕಾಲ್ಪನಿಕ ಜನರನ್ನು, ಅಂದರೆ ಏಜೆಂಟ್‌ಗಳನ್ನು ಮಾಡಿ. ಪ್ರತಿಯೊಬ್ಬರಿಗೂ ಒಂದಿಷ್ಟು ಸಂಪತ್ತು, ಒಂದು ಗುಂಪು. ಪ್ರತಿ ಸುತ್ತಿನಲ್ಲಿ ಆಚರಣೆಗೆ ಸ್ವಲ್ಪ ಖರ್ಚು ಮಾಡುತ್ತಾರೆ, ಬೇಕಿದ್ದರೆ ಸಾಮೂಹಿಕ ನಿಧಿಗೆ ಕೊಡುತ್ತಾರೆ (ಇದನ್ನೇ ನಾವು ನೆರವು ಅಂತ ಎಣಿಸುವುದು), ನಿಧಿಯಿಂದ ಎಲ್ಲರಿಗೂ ಪಾಲು ಸಿಗುತ್ತದೆ, ಆಮೇಲೆ ತಮಗಿಂತ ಚೆನ್ನಾಗಿರುವ ನೆರೆಯವರನ್ನು ನೋಡಿ ಅನುಕರಿಸುತ್ತಾರೆ. 'ಆಚರಣೆ ಮಾಡಿದರೆ ನೆರವಾಗುವ ಮನಸ್ಸು ಹೆಚ್ಚುತ್ತದೆ' ಎಂಬ ಸಾಲನ್ನು ಮಾತ್ರ ಕೋಡ್‌ನಲ್ಲಿ ಬರೆಯಬೇಡಿ. ಬರೆದರೆ ಉತ್ತರವನ್ನು ನೀವೇ ಒಳಗಿಟ್ಟು ನೀವೇ ಹೊರತೆಗೆದ ಹಾಗೆ, ಅಲ್ವಾ?

ಆಚರಣೆಯ ಖರ್ಚನ್ನು 0ಯಿಂದ 10ರವರೆಗೆ ಬದಲಾಯಿಸುತ್ತಾ, ಪ್ರತಿ ಮಟ್ಟಕ್ಕೂ ಬೇರೆ ಬೇರೆ ರ್‍ಯಾಂಡಮ್ ಸೀಡ್ (ಆ ಓಟದ ಆಕಸ್ಮಿಕಗಳನ್ನು ನಿರ್ಧರಿಸುವ ಆರಂಭದ ಸಂಖ್ಯೆ) ಕೊಟ್ಟು ಕನಿಷ್ಠ 50 ಸಲ ಓಡಿಸಿ. ಒಂದೇ ಓಟದ ಗ್ರಾಫ್ ನೋಡಿ ತೀರ್ಮಾನಕ್ಕೆ ಬರುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆಮೇಲೆ ಇನ್ನೊಂದು ಪರೀಕ್ಷೆ: ಖರ್ಚು ಹಾಗೇ ಇರಲಿ, ಆದರೆ ಯಾರು ಖರ್ಚು ಮಾಡಿದರು ಅಂತ ಬೇರೆಯವರಿಗೆ ಕಾಣದ ಹಾಗೆ ಮಾಡಿ. ಆಗಲೂ ನೆರವು ಅಷ್ಟೇ ಇದ್ದರೆ, ಆಚರಣೆ ನಿಷ್ಠೆಯ ಗುರುತಾಗಿ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ.

ಧರ್ಮ ಪರಿಸ್ಥಿತಿಗೆ ಹೊಂದಿಕೊಳ್ಳುತ್ತದೆಯೇ ಅಂತ ನೋಡಬೇಕಾದರೆ ಆಚರಣೆಯನ್ನು ಬದಲಿಸುವ ಸ್ವಾತಂತ್ರ್ಯ ಗುಂಪಿಗೇ ಇರಬೇಕು. 500ನೇ ಸುತ್ತಿನಲ್ಲಿ ಎಲ್ಲರ ಆದಾಯ ಅರ್ಧಕ್ಕಿಳಿಸಿ, ಗುಂಪುಗಳು ಏನು ಮಾಡುತ್ತವೆ ನೋಡಿ.

ಕೊನೆಗೆ ಹೊರಗಿನ ಜಗತ್ತಿನ ಜೊತೆ ಹೋಲಿಸಿ. ಇದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ ಬಾಲಿ ದ್ವೀಪದ ನೀರಿನ ದೇವಾಲಯಗಳು. ಅಲ್ಲಿ ಭತ್ತದ ಗದ್ದೆಗೆ ನೀರು ಹಂಚಿಕೊಳ್ಳುವ ರೈತರ ಗುಂಪುಗಳಿಗೆ ಸುಬಾಕ್ ಎನ್ನುತ್ತಾರೆ. ಯಾರು ಯಾವಾಗ ನಾಟಿ ಮಾಡಬೇಕು ಎಂಬುದನ್ನು ಅವು ಈ ದೇವಾಲಯಗಳ ಮೂಲಕ ಹೊಂದಿಸಿಕೊಳ್ಳುತ್ತವೆ. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲದು. ಒಬ್ಬೊಬ್ಬರು ಒಂದೊಂದು ಸಲ ಮಾಡಿದರೆ ಕೀಟಗಳು ಗದ್ದೆಯಿಂದ ಗದ್ದೆಗೆ ಹಾರಿ ಬದುಕುತ್ತವೆ. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೀಮರ್ 1993ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ 172 ಸುಬಾಕ್‌ಗಳಿದ್ದವು. ಪ್ರತಿಯೊಂದೂ ಹೆಚ್ಚು ಬೆಳೆ ತೆಗೆದ ನೆರೆಯ ಸುಬಾಕನ್ನು ಅನುಕರಿಸಿತು, ಅಷ್ಟೇ. ಮೇಲೆ ಕೂತು ಯೋಜನೆ ಹಾಕುವವರು ಯಾರೂ ಇರಲಿಲ್ಲ. ಆದರೂ ನಿಜವಾದ ದೇವಾಲಯ ಜಾಲವನ್ನು ಹೋಲುವ ಹೊಂದಾಣಿಕೆ ತಾನಾಗಿ ಮೂಡಿತು, ಇಳುವರಿಯೂ ಹೆಚ್ಚಿತು.

ನಿಮ್ಮ ಫಲಿತಾಂಶ ಬರೆಯುವಾಗ 'ಹೀಗೇ ನಡೆದಿತ್ತು' ಅನ್ನಬೇಡಿ, 'ಇಷ್ಟು ನಿಯಮಗಳಿದ್ದರೆ ಹೀಗಾಗಲು ಸಾಧ್ಯ' ಎನ್ನಿ. ಜೊತೆಗೆ ಕೋಡನ್ನೂ ನಿಯಮಗಳನ್ನೂ ಕೊಡಿ, ಬೇರೆಯವರು ಓಡಿಸಿ ನೋಡಲಿ.