ಬೆಂಗಳೂರಿನಲ್ಲಿ ಮನೆ ಮಾಡುವ ದಾವಣಗೆರೆಯವರಿಗೆ ಬಾಡಿಗೆಯ ಲೆಕ್ಕ

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಮಹಡಿಯನ್ನು ತಿಂಗಳಿಗೆ 9,000 ರೂಪಾಯಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಎರಡು ಮಲಗುವ ಕೋಣೆ, ಹಿಂದೆ ಬಟ್ಟೆ ಒಣಹಾಕಲು ಜಾಗ, ಅಡ್ವಾನ್ಸ್ 50,000. ಹೆಚ್ಚುಕಡಿಮೆ ಅಷ್ಟೇ ಅಳತೆಯ ಮನೆಗೆ ವೈಟ್‌ಫೀಲ್ಡ್‌ನಲ್ಲಿ 36,000 ಕೇಳಿದರೆಂದು ತಿಳಿಸಲು ಮಗಳು ಫೋನ್ ಮಾಡಿದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲಿ ನೌಕರಿ ಮಾಡಿ ನಿವೃತ್ತನಾದ ನನಗೆ ಆಮೇಲೆ ಕಾಗದ ಹಿಡಿದು ಕೂತಾಗ ತಿಳಿದದ್ದೇನೆಂದರೆ, 36,000 ಎನ್ನುವುದು ಆ ಮನೆಯ ನಿಜವಾದ ಖರ್ಚೂ ಅಲ್ಲ, ಅದು ಬೋರ್ಡಿನ ಮೇಲಿನ ಅಂಕಿ ಮಾತ್ರ. ಮಗಳಿಗೆ, ಅನಂತರ ಚಿತ್ರದುರ್ಗದಲ್ಲಿರುವ ತಂಗಿಯ ಮಗನಿಗೆ ಮನೆ ಹುಡುಕಿಕೊಡುವಾಗ ಕಲಿತದ್ದನ್ನು, ಈ ವರ್ಷ ಮಕ್ಕಳನ್ನು ಬೆಂಗಳೂರಿಗೆ ಕಳಿಸುತ್ತಿರುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಬಾಡಿಗೆ ಹೀಗೇಕೆ ಏರಿತು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಚೌಕಾಸಿ ಮಾಡಲು ಎಲ್ಲಿ ಎಡೆಯಿದೆ, ಎಲ್ಲಿ ಇಲ್ಲ ಎಂಬುದು ಅದರಿಂದಲೇ ಗೊತ್ತಾಗುತ್ತದೆ. 2020 ಮತ್ತು 2021ರಲ್ಲಿ ಐ.ಟಿ. ನೌಕರರು ತಮ್ಮ ಊರುಗಳಿಂದಲೇ ಕೆಲಸ ಮಾಡುತ್ತಿದ್ದಾಗ ಬೆಂಗಳೂರಿನ ಬೀದಿಬೀದಿಗಳಲ್ಲಿ ಟು-ಲೆಟ್ ಬೋರ್ಡುಗಳು ತೂಗುತ್ತಿದ್ದವು. ಮಾಲೀಕರು ತಾವಾಗಿಯೇ ಬಾಡಿಗೆ ಇಳಿಸಿ ಇದ್ದವರನ್ನು ಉಳಿಸಿಕೊಂಡರು. 2022ರಲ್ಲಿ ಕಚೇರಿಗಳು ಮತ್ತೆ ಕರೆದಾಗ ಎಲ್ಲರೂ ಒಟ್ಟಿಗೆ ಬಂದಿಳಿದರು, ಆದರೆ ನಡುವಿನ ಎರಡು ವರ್ಷಗಳಲ್ಲಿ ಹೊಸ ಮನೆಗಳ ನಿರ್ಮಾಣ ಕುಂಟುತ್ತ ಸಾಗಿತ್ತು. 2022–23ರಲ್ಲಿ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಬಾಡಿಗೆ ಕೈಗೆ ಸಿಗದಂತೆ ಏರಿದ್ದು ಈ ಕಾರಣಕ್ಕೆ. ಅನಂತರ ಏರುವ ವೇಗ ತಗ್ಗಿತು, ಆದರೆ ಏರಿದ ಬಾಡಿಗೆ ಹಿಂದಕ್ಕೆ ಇಳಿಯಲಿಲ್ಲ. ಆದ್ದರಿಂದ ಇಂದು ಚೌಕಾಸಿಯಲ್ಲಿ ಬಾಡಿಗೆಯ ಮೊತ್ತ ದೊಡ್ಡದಾಗಿ ಇಳಿಯುತ್ತದೆಂದು ನಂಬಿ ಹೋಗಬೇಡಿ. ಅಡ್ವಾನ್ಸ್, ವಾರ್ಷಿಕ ಏರಿಕೆ, ಪೇಂಟಿಂಗ್ ಖರ್ಚು ಇವುಗಳಲ್ಲಿ ಮಾಲೀಕರು ಬಗ್ಗುತ್ತಾರೆ.

ಬೆಲೆಯನ್ನು ತಿರುಗಿಸಿದ ಎರಡನೆಯ ಕಾರಣ ಮೆಟ್ರೊ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡಿತು, ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರ ಮುಟ್ಟಿತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆಯಿತು. ನಿಲ್ದಾಣಕ್ಕೆ ಹತ್ತು ನಿಮಿಷದಲ್ಲಿ ನಡೆದು ಹೋಗಬಹುದಾದ ಮನೆಗೆ ಈಗ ಬೇರೆಯೇ ಬೆಲೆ. ಆದರೆ ಇದೇ ಮೆಟ್ರೊ ನಮ್ಮಂಥವರಿಗೆ ಇನ್ನೊಂದು ಅನುಕೂಲವನ್ನೂ ಮಾಡಿಕೊಟ್ಟಿದೆ. ದಾವಣಗೆರೆ, ಚಿತ್ರದುರ್ಗದ ಬಸ್ಸುಗಳು ಬೆಂಗಳೂರಿಗೆ ಬರುವುದು ತುಮಕೂರು ರಸ್ತೆಯಿಂದ. ಪೀಣ್ಯ, ದಾಸರಹಳ್ಳಿ, ಯಶವಂತಪುರ, ವಿಜಯನಗರದ ಕಡೆ ಮನೆ ಮಾಡಿದರೆ ಶನಿವಾರ ಊರಿಗೆ ಹೊರಡುವುದೂ ಸುಲಭ, ಪೂರ್ವ ಭಾಗದ ಬಾಡಿಗೆಯನ್ನೂ ಕೊಡಬೇಕಾಗಿಲ್ಲ. ಅದರಲ್ಲೂ ವಿಜಯನಗರ ನೇರಳೆ ಮಾರ್ಗದ ಮೇಲೆಯೇ ಇರುವುದರಿಂದ ವೈಟ್‌ಫೀಲ್ಡ್‌ಗೆ ರೈಲು ಬದಲಿಸುವ ಗೋಜಿಲ್ಲ.

ಈಗ ಆ ಕಾಗದದ ಲೆಕ್ಕ. ಮಗಳ ಮುಂದೆ ಎರಡು ಮನೆಗಳಿದ್ದವು. ಒಂದು ಕಚೇರಿಗೆ ಹತ್ತಿರದ ಅಪಾರ್ಟ್‌ಮೆಂಟ್: ಬಾಡಿಗೆ 36,000, ನಿರ್ವಹಣಾ ಶುಲ್ಕ ಬೇರೆಯಾಗಿ 4,000, ಅಡ್ವಾನ್ಸ್ ಆರು ತಿಂಗಳ ಬಾಡಿಗೆ ಅಂದರೆ 2,16,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಬಿಡುವಾಗ ಪೇಂಟಿಂಗ್‌ಗೆಂದು ಇನ್ನೊಂದು ತಿಂಗಳ ಬಾಡಿಗೆ ಕಡಿತ. ಕರಾರಿನ ಹನ್ನೊಂದು ತಿಂಗಳಿಗೆ ಬಾಡಿಗೆ 3,96,000, ನಿರ್ವಹಣೆ 44,000. ಅಡ್ವಾನ್ಸ್ ಹಣ ಶೇ. 7ರ ಠೇವಣಿಯಲ್ಲಿ ಇದ್ದಿದ್ದರೆ ಬರುತ್ತಿದ್ದ ಬಡ್ಡಿ ಸುಮಾರು 13,900. ಬ್ರೋಕರ್ ಮತ್ತು ಪೇಂಟಿಂಗ್ ಸೇರಿ 72,000. ಒಟ್ಟು ಸುಮಾರು 5,25,900. ಇದನ್ನು ಹನ್ನೊಂದರಿಂದ ಭಾಗಿಸಿದರೆ ತಿಂಗಳಿಗೆ 47,800. ಬೋರ್ಡಿನ ಮೇಲಿನ 36,000 ಎಲ್ಲಿ, ಈ ಅಂಕಿ ಎಲ್ಲಿ!

ಎರಡನೆಯದು ವಿಜಯನಗರದ ಮೊದಲ ಮಹಡಿಯ ಮನೆ, ಬೀದಿಯಲ್ಲಿ ಬೋರ್ಡ್ ನೋಡಿ ಸಿಕ್ಕಿದ್ದರಿಂದ ಬ್ರೋಕರ್ ಇಲ್ಲ. ಬಾಡಿಗೆ 25,000, ನೀರಿಗೆ 500, ಅಡ್ವಾನ್ಸ್ ಹಳೆಯ ಪದ್ಧತಿಯಂತೆ ಹತ್ತು ತಿಂಗಳದ್ದು, ಅಂದರೆ 2,50,000. ಇಲ್ಲಿ ಮೆಟ್ರೊ ಖರ್ಚು ಸೇರಿಸಬೇಕು. 2025ರ ಫೆಬ್ರುವರಿಯ ಪರಿಷ್ಕರಣೆಯ ಗರಿಷ್ಠ ದರವಾದ 90 ರೂಪಾಯಿಯನ್ನೇ ಹಿಡಿದರೂ ಹೋಗಿಬರಲು ದಿನಕ್ಕೆ 180, ತಿಂಗಳಿಗೆ 22 ದಿನಕ್ಕೆ 3,960. ಬಡ್ಡಿ ಸುಮಾರು 16,000, ಪೇಂಟಿಂಗ್ 25,000 ಎಲ್ಲ ಕೂಡಿ ಹನ್ನೊಂದು ತಿಂಗಳಿಗೆ 3,65,100, ಅಂದರೆ ತಿಂಗಳಿಗೆ ಸುಮಾರು 33,200. ಎರಡು ಮನೆಗಳ ನಡುವಿನ ಅಂತರ ತಿಂಗಳಿಗೆ 14,600. ಇದಕ್ಕೆ ಪ್ರತಿಯಾಗಿ ಮಗಳು ದಿನಕ್ಕೆ ಎರಡೂವರೆ ಮೂರು ಗಂಟೆ ರೈಲಿನಲ್ಲಿ ಕಳೆಯಬೇಕಾಗುತ್ತದೆ. ಆ ಗಂಟೆಗಳಿಗೆ ಬೆಲೆ ಕಟ್ಟುವುದು ಅಪ್ಪನ ಕೆಲಸವಲ್ಲವೆಂದು ಕಾಗದವನ್ನು ಅವಳ ಕೈಗೇ ಕೊಟ್ಟೆ. ವಾರಕ್ಕೆ ಮೂರೇ ದಿನ ಕಚೇರಿಗೆ ಹೋಗಬೇಕಾಗಿದ್ದ ಅವಳು ವಿಜಯನಗರವನ್ನು ಆರಿಸಿಕೊಂಡಳು. ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಬ್ರೋಕರ್ ಮತ್ತು ಪೇಂಟಿಂಗ್ ಒಂದೇ ಸಲದ ಖರ್ಚುಗಳಾದ್ದರಿಂದ ಒಂದೇ ಮನೆಯಲ್ಲಿ ಮೂರು ವರ್ಷ ಉಳಿದರೆ ಅವು ಮೂರು ವರ್ಷಕ್ಕೆ ಹಂಚಿಹೋಗುತ್ತವೆ, ವರ್ಷಕ್ಕೊಂದು ಮನೆ ಬದಲಿಸುವವರು ಅವನ್ನು ಪ್ರತಿ ಸಲವೂ ತೆರುತ್ತಾರೆ.

ಒಂದು ಬಡಾವಣೆಯ ನಿಜವಾದ ಬಾಡಿಗೆಯನ್ನು ತಿಳಿಯಲು ಆ್ಯಪ್‌ಗಳನ್ನು ಮಾತ್ರ ನಂಬಬೇಡಿ. ಅಲ್ಲಿ ಕಾಣುವುದು ಮಾಲೀಕರು ಕೇಳುವ ಬಾಡಿಗೆ. ತೀರ್ಮಾನವಾದ ಬಾಡಿಗೆ ಎಷ್ಟೆಂದು ಅಲ್ಲಿ ಕಾಣುವುದಿಲ್ಲ. ಭಾನುವಾರ ಬೆಳಿಗ್ಗೆ ಒಂದೇ ಬಡಾವಣೆಯ ನಾಲ್ಕೈದು ಅಡ್ಡರಸ್ತೆಗಳಲ್ಲಿ ನಡೆದು, ಕನಿಷ್ಠ ಆರು ಬೋರ್ಡುಗಳಿಗೆ ಫೋನ್ ಮಾಡಿ, ಬಂದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಹೊಡೆದುಹಾಕಿ ನೋಡಿ. ಆಮೇಲೆ ಆ ಬೀದಿಯ ಇಸ್ತ್ರಿ ಅಂಗಡಿಗೆ ಹೋಗಿ. ಮೂರನೆಯ ಮಹಡಿಯವರು ಏಕೆ ಬಿಟ್ಟರು, ಎಷ್ಟು ಕೊಡುತ್ತಿದ್ದರು, ಮಾಲೀಕರು ಅಡ್ವಾನ್ಸ್ ವಾಪಸ್ ಕೊಡಲು ಎಷ್ಟು ತಿಂಗಳು ಸತಾಯಿಸಿದರು ಎಂಬುದೆಲ್ಲ ಇಸ್ತ್ರಿಯವರಿಗೆ ಗೊತ್ತಿರುತ್ತದೆ. ನಮ್ಮ ಮಾತಿನ ಧಾಟಿ ಕೇಳಿ ಅವರೂ ನಮ್ಮ ಕಡೆಯ ಹರಿಹರದವರೆಂದು ಗೊತ್ತಾದದ್ದು ನನ್ನ ಅದೃಷ್ಟ.

ಹುಡುಕುವ ಕಾಲವೂ ಮುಖ್ಯ. ಶಾಲೆ ಕಾಲೇಜುಗಳು ತೆರೆಯುವ ಮೇ, ಜೂನ್‌ನಲ್ಲಿ ಒಂದು ಮನೆಗೆ ಹತ್ತು ಜನ ಬರುತ್ತಾರೆ. ಅದರ ಬೆನ್ನಿಗೇ ಬರುವ ಆಷಾಢದಲ್ಲಿ ಹಾಲು ಉಕ್ಕಿಸಿ ಹೊಸ ಮನೆ ಸೇರುವವರು ಕಡಿಮೆ. ಜೂನ್‌ನಲ್ಲಿ ಹೋಗದ ಮನೆ ಶ್ರಾವಣದವರೆಗೆ ಖಾಲಿ ಬೀಳುವುದೆಂಬ ಆತಂಕ ಮಾಲೀಕರಿಗೆ ಇರುತ್ತದೆ. ಆಷಾಢದ ನಡುವೆ ಹೋಗಿ ಮಾತು ಮುಗಿಸಿ, ಸ್ವಲ್ಪ ಟೋಕನ್ ಹಣ ಕೊಟ್ಟು, ಶ್ರಾವಣದ ಮೊದಲ ದಿನದಿಂದ ಬಾಡಿಗೆ ಎಂದು ಬರೆಸಿಕೊಂಡರೆ ನಿಮ್ಮ ಮನೆಯ ಹಿರಿಯರ ನಂಬಿಕೆಗೂ ಚ್ಯುತಿಯಿಲ್ಲ, ಮಾಲೀಕರ ಪಟ್ಟೂ ಸಡಿಲವಾಗಿರುತ್ತದೆ.

ಮನೆ ನೋಡುವಾಗ ನೀರಿನ ವಿಷಯಕ್ಕೆ ಅರ್ಧ ಗಂಟೆಯಾದರೂ ಕೊಡಿ. ತುಂಗಭದ್ರೆಯ ನೀರು ಕುಡಿದು ಬೆಳೆದ ನಮಗೆ ಇದು ಮೊದಲು ಹೊಳೆಯುವುದೇ ಇಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರ ಮಿತಿಮೀರಿದಾಗ ಜಿಲ್ಲಾಡಳಿತವೇ ಬೆಲೆ ನಿಗದಿ ಮಾಡಬೇಕಾಯಿತು. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರ್‌ನ ಟ್ಯಾಂಕರ್‌ಗೆ 1,000 ರೂಪಾಯಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ ನಗರದ ಅಂಚಿನ 110 ಹಳ್ಳಿಗಳಿಗೆ ನೀರು ಕೊಡುವ ಏರ್ಪಾಡಾಯಿತು. ಆದರೆ ರಸ್ತೆಯಲ್ಲಿ ಪೈಪು ಇದ್ದಮಾತ್ರಕ್ಕೆ ಮನೆಯೊಳಗೆ ಸಂಪರ್ಕವಿದೆ ಎಂದಲ್ಲ. ಆದ್ದರಿಂದ ಸಂಪಿನ ಮುಚ್ಚಳ ತೆಗೆಸಿ ನೋಡಿ; ಕಾವೇರಿಗೂ ಬೋರ್‌ವೆಲ್‌ಗೂ ಬೇರೆಬೇರೆ ಸಂಪುಗಳಿವೆಯೇ ಕೇಳಿ. ಸ್ನಾನದ ಮನೆಯ ನಲ್ಲಿಯ ಬುಡದಲ್ಲಿ ಸುಣ್ಣದಂಥ ಬಿಳಿ ಪದರ ಕಟ್ಟಿದ್ದರೆ, ಗೀಸರ್‌ನಿಂದ ನೀರು ಸಣ್ಣಗೆ ಬರುತ್ತಿದ್ದರೆ, ಮಾಲೀಕರು ಏನೇ ಹೇಳಲಿ ಅದು ಗಡಸು ನೀರಿನ ಮನೆ. ವಿಜಯನಗರದ ಮನೆಯಲ್ಲಿ ಮಾಲೀಕರ ತಾಯಿ ತಾವೇ ಅಡುಗೆಮನೆಯ ನಲ್ಲಿ ತಿರುಗಿಸಿ, ಒಂದು ಲೋಟ ಹಿಡಿದು, "ಕುಡೀರಿ ಅಣ್ಣಾವ್ರೇ, ಕಾವೇರಿದೇ" ಎಂದರು. ಕುಡಿದ ಮೇಲೂ ಕೆಳಗಿಳಿದು ಸಂಪು ನೋಡಿಯೇ ಬಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಕರೆಂಟಿನ ವಿಷಯ ನಮಗೆ ಹೊಸದಲ್ಲ, ದಾವಣಗೆರೆಗೂ ಬೆಂಗಳೂರಿಗೂ ಬೆಸ್ಕಾಂ ಒಂದೇ. ಮನೆಗೆ ಪ್ರತ್ಯೇಕ ಮೀಟರ್ ಇದೆಯೇ, ಅಥವಾ ಎರಡು ಮನೆಗೆ ಒಂದೇ ಮೀಟರ್ ಇಟ್ಟು ಮಾಲೀಕರು ಯೂನಿಟ್‌ಗೆ ತಮ್ಮದೇ ದರ ಹಾಕುತ್ತಾರೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಹಿಂದಿನವರು ತಮ್ಮ ಆಧಾರ್ ಜೋಡಣೆಯನ್ನು ಆ ಮೀಟರಿನಿಂದ ಬಿಡಿಸಿರಬೇಕು.

ಅಪಾರ್ಟ್‌ಮೆಂಟ್ ಆದರೆ ಜಾಹೀರಾತಿನ ಚದರ ಅಡಿಯನ್ನು ನೋಡಿ ಮೋಸಹೋಗಬೇಡಿ. 1,200 ಚದರ ಅಡಿ ಎಂದಾಗ ಮೆಟ್ಟಿಲು, ಲಿಫ್ಟ್, ಹಜಾರಗಳ ಪಾಲೂ ಅದರಲ್ಲಿ ಸೇರಿರುತ್ತದೆ. ಮಂಚ, ಬೀರು ಇಡಲು ಸಿಗುವ ಜಾಗ ಅದಕ್ಕಿಂತ ಸಾಕಷ್ಟು ಕಡಿಮೆ. ನಿರ್ವಹಣಾ ಶುಲ್ಕವನ್ನು ಮಾತ್ರ ಬಹುತೇಕ ಕಡೆ ಆ ದೊಡ್ಡ ಅಂಕಿಯ ಮೇಲೆಯೇ ಹಾಕುತ್ತಾರೆ.

ಭೋಗ್ಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹಲವು ಲಕ್ಷಗಳನ್ನು ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವ, ಬಿಡುವಾಗ ಪೂರ್ತಿ ಹಣ ಹಿಂದಕ್ಕೆ ಪಡೆಯುವ ಈ ಪದ್ಧತಿ ತಂಗಿಯ ಮಗನಿಗೆ ತುಂಬ ಹಿಡಿಸಿತ್ತು. 12 ಲಕ್ಷಕ್ಕೆ ಮಾತಾಗಿತ್ತು, ಮಧ್ಯವರ್ತಿ ಮನೆ ತನ್ನದೆಂದೇ ಹೇಳಿದ್ದ. ಬಾಗಿಲಿನ ಬಳಿ ಸಿಕ್ಕಿಸಿದ್ದ ಕರೆಂಟ್ ಬಿಲ್ಲನ್ನು ಹುಡುಗ ಫೋಟೊ ತೆಗೆದು ಕಳಿಸಿದಾಗ ಅದರಲ್ಲಿ ಬೇರೆ ಹೆಸರಿತ್ತು. ವಿಚಾರಿಸಿದರೆ ಆ ಮಧ್ಯವರ್ತಿ ಸ್ವತಃ ಬಾಡಿಗೆದಾರ. ತಾನು ತಿಂಗಳ ಬಾಡಿಗೆಗೆ ಪಡೆದ ಮನೆಯನ್ನು ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಡಲು ಹೊರಟಿದ್ದ. ನಾಲ್ಕು ತಿಂಗಳು ಬಾಡಿಗೆ ಕಟ್ಟಿ ಆತ ಕಾಣೆಯಾಗಿದ್ದರೆ ನಿಜವಾದ ಮಾಲೀಕರು ನಮ್ಮ ಹುಡುಗನನ್ನೇ ಹೊರಗೆ ಹಾಕುತ್ತಿದ್ದರು. ಭೋಗ್ಯಕ್ಕೆ ಹೋಗಲೇಬೇಕೆಂದರೆ ಕರೆಂಟ್ ಬಿಲ್, ಆಸ್ತಿ ತೆರಿಗೆ ರಸೀದಿ, ಮಾಲೀಕರ ಗುರುತಿನ ಚೀಟಿ ಮೂರರಲ್ಲೂ ಒಂದೇ ಹೆಸರಿದೆಯೇ ನೋಡಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ ಮನೆಯ ಮೇಲೆ ಸಾಲವಿದೆಯೇ ಪರಿಶೀಲಿಸಿ. ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ನೋಂದಣಿಗೆ ಒಪ್ಪದವರಿಗೆ ಹಣ ಕೊಡಬೇಡಿ.

ಸಾಮಾನ್ಯ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಇರುವುದಕ್ಕೂ ಕಾರಣವಿದೆ: 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ ನಿಜ, ಆದರೆ ರಾಜ್ಯಗಳು ತಾವಾಗಿ ಕಾನೂನು ಮಾಡಿಕೊಂಡಾಗ ಮಾತ್ರ ಅದಕ್ಕೆ ಬಲ. ಮಾಲೀಕರ ಮುಂದೆ ಅದನ್ನು ಎತ್ತಿ ವಾದಿಸಿದರೆ ಮನೆ ಕೈತಪ್ಪುತ್ತದೆ ಅಷ್ಟೇ. ಹತ್ತು ತಿಂಗಳಿಂದ ಐದಾರು ತಿಂಗಳಿಗೆ ಇಳಿಸಿ ಎಂದು ನಯವಾಗಿ ಕೇಳುವುದೇ ಮೇಲು. ಕರಾರಿನಲ್ಲಿ ವಾರ್ಷಿಕ ಏರಿಕೆ ಶೇಕಡಾ ಎಷ್ಟು (ಶೇ. 5 ರೂಢಿ, ಅದಕ್ಕಿಂತ ಹೆಚ್ಚು ಬರೆಸಲು ನೋಡುತ್ತಾರೆ), ಬಿಡಲು ಎಷ್ಟು ತಿಂಗಳ ಮುಂಚೆ ತಿಳಿಸಬೇಕು, ಪೇಂಟಿಂಗ್‌ಗೆ ಕಡಿತ ಎಷ್ಟು, ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ ಎಂಬ ನಾಲ್ಕೂ ವಿಷಯ ಅಂಕಿಗಳಲ್ಲಿ ಬರೆದಿರಲಿ. ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರ ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಸಂಖ್ಯೆ ಬೇಕಾಗುತ್ತದೆ. ಅದನ್ನು ಕೊಡುತ್ತಾರೆಯೇ ಎಂದು ಅಡ್ವಾನ್ಸ್ ಕೊಡುವ ಮುನ್ನವೇ ಕೇಳಿ.

ಸೇರುವ ದಿನ ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ಪ್ರತಿ ಗೋಡೆ, ಕಿಟಕಿ, ನಲ್ಲಿ, ಫ್ಯಾನ್, ಮೀಟರ್ ರೀಡಿಂಗ್‌ಗಳ ವಿಡಿಯೊ ಮಾಡಿ ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿಬಿಡಿ. ದಿನಾಂಕ ಅಲ್ಲೇ ದಾಖಲಾಗಿರುತ್ತದೆ. ಬಿಡುವ ದಿನ ಅದೇ ವಿಡಿಯೊ ಮುಂದಿಟ್ಟುಕೊಂಡು ಮಾಲೀಕರ ಜೊತೆ ಮನೆ ಸುತ್ತಿ, ಗೃಹಜ್ಯೋತಿಯ ಆಧಾರ್ ಜೋಡಣೆಯನ್ನು ಬಿಡಿಸಿ, ಉಳಿದ ಅಡ್ವಾನ್ಸ್ ಖಾತೆಗೆ ಬಂದ ಸಂದೇಶ ನೋಡಿದ ಮೇಲೆ ಬೀಗದ ಕೈ ಕೊಡಿ.