ಮ್ಯೂನಿಕ್ ಚಳಿಯಲ್ಲಿ ದೋಸೆ ಹಿಟ್ಟು

ಬೆಂಗಳೂರಿನಲ್ಲಿದ್ದಾಗ ದೋಸೆ ಹಿಟ್ಟಿನ ಬಗ್ಗೆ ನಾನು ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ. ರಾತ್ರಿ ರುಬ್ಬಿ ಕಟ್ಟೆ ಮೇಲಿಟ್ಟು ಮಲಗಿದರೆ ಬೆಳಿಗ್ಗೆ ಪಾತ್ರೆ ತುಂಬಿರುತ್ತಿತ್ತು. ಮ್ಯೂನಿಕ್‌ನಲ್ಲಿ ಜನವರಿ ತಿಂಗಳಲ್ಲಿ ಹಾಗೆ ಇಟ್ಟರೆ, ಬೆಳಿಗ್ಗೆಯೂ ಹಿಟ್ಟು ಇಟ್ಟ ಹಾಗೇ ಇರುತ್ತದೆ. ಸಾಮಾನಿಗೇನೂ ಕೊರತೆಯಿಲ್ಲ. ಇಲ್ಲಿನ ದೊಡ್ಡ ರೈಲು ನಿಲ್ದಾಣದ ಸುತ್ತಮುತ್ತ ಇಂಡಿಯನ್ ಅಂಗಡಿಗಳಿವೆ. ಉದ್ದಿನಬೇಳೆ, ಮೆಂತ್ಯ, ಅವಲಕ್ಕಿ, ಇಡ್ಲಿ ಅಕ್ಕಿ ಎಲ್ಲಾ ಸಿಗುತ್ತದೆ. ಆದರೆ ಸಂಜೆ 8ರೊಳಗೆ ಹೋಗಬೇಕು, ಭಾನುವಾರ ಅಂಗಡಿಗಳೇ ತೆರೆಯುವುದಿಲ್ಲ.

ಮೊದಲ ತಲೆನೋವು ಮಿಕ್ಸಿ. ಕರೆಂಟಿನ ತೊಂದರೆಯಿಲ್ಲ, ಎರಡೂ ಕಡೆ 230 ವೋಲ್ಟೇ. ಒಂದು ಅಡಾಪ್ಟರ್ ಸಾಕು. ತೊಂದರೆ ಇರುವುದು ಸದ್ದಿನದು. ಇಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗಲಾಟೆ ಮಾಡುವಂತಿಲ್ಲ, ಭಾನುವಾರ ಇಡೀ ದಿನವೂ ಹಾಗೇ. ಕೆಳಗಿನ ಮನೆಯವರು ಪಾಪ ಒಳ್ಳೆಯವರು. ಆದರೂ ನಡುರಾತ್ರಿ ಉದ್ದು ರುಬ್ಬುವುದನ್ನು ಕೇಳುವ ಕರ್ಮ ಅವರಿಗ್ಯಾಕೆ, ಅಲ್ವಾ? ಹಾಗಾಗಿ ನನ್ನ ಭಾನುವಾರದ ದೋಸೆ ಶುಕ್ರವಾರವೇ ಶುರುವಾಗುತ್ತದೆ. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ನೆನೆಹಾಕುತ್ತೇನೆ: ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ. ಸಂಜೆ ಬಂದು ಒಂದು ಹಿಡಿ ಅವಲಕ್ಕಿ ತೊಳೆದು ಸೇರಿಸಿ ರುಬ್ಬುತ್ತೇನೆ. ಊರಲ್ಲಿ ಮಿಕ್ಸಿ ಬಿಸಿಯಾಗುತ್ತದೆ ಅಂತ ತಣ್ಣೀರು ಹಾಕುತ್ತಿದ್ದೆವು. ಇಲ್ಲಿ ಉಲ್ಟಾ, ಉಗುರುಬೆಚ್ಚಗಿನ ನೀರು. ಉಪ್ಪು ಈಗಲೇ ಬೇಡ, ಹುದುಗಿದ ಮೇಲೆ ಸಾಕು. ಉಪ್ಪು ಹುದುಗುವುದನ್ನು ನಿಧಾನ ಮಾಡುತ್ತದೆ, ಚಳಿಯಂತೂ ಮೊದಲೇ ಇದೆ.

ಇನ್ನು ಬಿಸಿಯ ವಿಷಯ. ಹಿಟ್ಟು ಹುದುಗಿಸುವ ಬ್ಯಾಕ್ಟೀರಿಯಾ ಹೆಚ್ಚಾಗಿ ಉದ್ದಿನಬೇಳೆಯ ಜೊತೆಗೇ ಬಂದಿರುತ್ತವೆ, ಅವುಗಳಿಗೆ ಬೇಕಾದ್ದು 30 ಡಿಗ್ರಿ ಆಸುಪಾಸಿನ ಬೆಚ್ಚಗಿನ ಜಾಗ ಅಷ್ಟೇ. ರಾತ್ರಿ ಹೀಟಿಂಗ್ ಇಳಿದ ಮೇಲೆ ನಮ್ಮ ಅಡುಗೆಮನೆ 18ಕ್ಕೆ ಬರುತ್ತದೆ. ರೇಡಿಯೇಟರ್ ಪಕ್ಕ ಇಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಒಗ್ಗಲಿಲ್ಲ. ಪಾತ್ರೆಯ ಒಂದು ಮಗ್ಗುಲು ಹುಳಿಯಾಗುತ್ತದೆ, ಇನ್ನೊಂದು ಮಗ್ಗುಲು ತಣ್ಣಗೇ ಇರುತ್ತದೆ. ಓವನ್ನೇ ಸರಿ. ಓವನ್ ಹಚ್ಚಬಾರದು, ಒಳಗಿನ ಬಲ್ಬ್ ಮಾತ್ರ ಹಾಕಿ ಬಾಗಿಲು ಮುಚ್ಚಬೇಕು. ಹಳೇ ಕಾಲದ ಬಲ್ಬ್ ಇದ್ದರೆ ಒಳಗೆ ಬೇಕಾದಷ್ಟು ಬಿಸಿ ನಿಲ್ಲುತ್ತದೆ. ಎಲ್‌ಇಡಿ ಆದರೆ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ಆಗ ಪಕ್ಕದಲ್ಲಿ ಒಂದು ಪಾತ್ರೆ ಬಿಸಿನೀರಿಟ್ಟು ಆಗಾಗ ಬದಲಿಸಿ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಕೆಳಗೊಂದು ತಟ್ಟೆ ಇರಲಿ. ಬಾಗಿಲಿಗೆ ಒಂದು ಚೀಟಿಯನ್ನೂ ಅಂಟಿಸಿ. ಮನೆಯಲ್ಲಿ ಪಿಜ್ಜಾ ಬೇಯಿಸುವವರು ಯಾರಾದರೂ ಇದ್ದೇ ಇರುತ್ತಾರೆ.

ಶನಿವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ನಡುವೆ ಗುಮ್ಮಟದ ಹಾಗೆ ಎದ್ದಿರುತ್ತದೆ. ಸೌಟು ಹಾಕಿದಾಗ ಪುಸ್ ಅಂತ ಕುಸಿದು ಒಳಗೆಲ್ಲಾ ತೂತುತೂತಾಗಿ ಕಂಡರೆ ಆಯಿತು ಅಂತ ಲೆಕ್ಕ. ಇನ್ನೂ ಎದ್ದಿಲ್ಲವಾ? ಮಧ್ಯಾಹ್ನದವರೆಗೆ ಬಿಡಿ, ಕಲಕಬೇಡಿ. ಆಮೇಲೆ ಫ್ರಿಜ್‌ಗೆ.

ಊರಿನ ಎಲ್ಲಾ ಸುಖವನ್ನೂ ಹೀಗೆ ಕಟ್ಟಿಕೊಳ್ಳಲು ಹೋಗಬೇಡಿ, ಸುಸ್ತಾಗುತ್ತೀರಿ. ಬಕೆಟ್ ಸ್ನಾನದ ಆಸೆ ನಾನು ಬಿಟ್ಟಿದ್ದೇನೆ. ನಮ್ಮ ಬಚ್ಚಲಿನ ನೆಲದಲ್ಲಿ ನೀರು ಹೋಗುವ ಕಿಂಡಿಯೇ ಇಲ್ಲ. ಫಿಲ್ಟರ್ ಕಾಫಿ ಸುಲಭ, ಸ್ಟೀಲ್ ಫಿಲ್ಟರ್ ಮತ್ತು ಚಿಕೋರಿ ಬೆರೆತ ಪುಡಿ ಊರಿಂದ ಬಂದರೆ ಮುಗಿಯಿತು. ಹಾಲು ಮಾತ್ರ 3.5 ಪರ್ಸೆಂಟ್ ಕೊಬ್ಬಿನದ್ದೇ ಇರಲಿ.

ಹಿಟ್ಟು ಮಿಕ್ಕರೆ ಸೋಮವಾರ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು ಮಾಡುತ್ತೇನೆ. ಪಡ್ಡಿನ ಹಂಚು ಊರಿಂದ ತರುವುದಾದರೆ ತೂಕ ಜಾಸ್ತಿಯಾದರೂ ಕಬ್ಬಿಣದ್ದೇ ತನ್ನಿ. ಬರೀ ಅಲ್ಯೂಮಿನಿಯಂನದ್ದಾದರೆ ಇಂಡಕ್ಷನ್ ಒಲೆ ಮೇಲೆ ಕಾಯುವುದೇ ಇಲ್ಲ.